ಮನೆಬಾಗಿಲಿಗೆ ಬಂದ ಪೇಟೆ ಮತ್ತು ಮಲೆನಾಡಿನ ಬಳಕೆ



ಮಲೆನಾಡಿನಲ್ಲಿ ಪೇಟೆಗೆ ಹೋಗುವುದೆಂದರೆ ಇಡೀ ದಿನದ ಕೆಲಸವಾಗಿದ್ದ ಕಾಲ ಬಹಳ ಹಿಂದಿನದಲ್ಲ. ಸಂತೆಯ ದಿನ ನೋಡಿ, ಹಳ್ಳ ದಾಟಿ, ಬಸ್ಸಿಗೆ ಕಾದು ಹೊರಡಬೇಕಾಗಿತ್ತು. ಬೇಕಾದುದನ್ನು ಚೀಟಿಯಲ್ಲಿ ಬರೆದು ಒಯ್ದು, ಅದರಲ್ಲಿ ಅರ್ಧವನ್ನು ಮುಂದಿನ ಸಂತೆಗೆ ಬಿಟ್ಟು ಬರುವುದು ರೂಢಿಯಾಗಿತ್ತು. ದೂರವೇ ಆಸೆಗೆ ಒಂದು ಮಿತಿಯಾಗಿತ್ತು. ಇಂದು ಪೇಟೆಯೇ ಮನೆಬಾಗಿಲಿಗೆ ಬಂದಿದೆ. ಇದನ್ನು ಬೈದು ದೂರವಿಡುವುದರಿಂದಾಗಲಿ, ಹೊಗಳಿ ತಲೆಬಾಗುವುದರಿಂದಾಗಲಿ ಪ್ರಯೋಜನವಿಲ್ಲ. ಅದು ಬಂದ ಬಗೆ ಯಾವುದು, ತಂದುದೇನು, ಬಿಟ್ಟುಹೋಗುತ್ತಿರುವುದೇನು ಎಂಬುದನ್ನು ತಿಳಿಯುವುದು ಅಗತ್ಯ.

ಈ ವ್ಯಾಪಾರದ ಒಂದು ಮುಖ್ಯ ಬೇರು ಕರ್ನಾಟಕದಲ್ಲಿಯೇ ಇದೆ. 2007ರಲ್ಲಿ ಬೆಂಗಳೂರಿನಲ್ಲಿ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಆರಂಭಿಸಿದ ಫ್ಲಿಪ್‌ಕಾರ್ಟ್ ಮೊದಲು ಮಾರಿದ್ದು ಪುಸ್ತಕಗಳನ್ನು. ಕಾರ್ಡು ಇಲ್ಲದ, ಕಾಣದ ವ್ಯಾಪಾರಿಯನ್ನು ನಂಬದ ಗ್ರಾಹಕರಿಗಾಗಿ 2010ರಲ್ಲಿ ಅದು ವಸ್ತು ಕೈಸೇರಿದ ಮೇಲೆ ಹಣ ಕೊಡುವ ಪದ್ಧತಿಯನ್ನು ತಂದಿತು. 2013ರಲ್ಲಿ ಅಮೆಜಾನ್ ಭಾರತದಲ್ಲಿ ತನ್ನ ಮಳಿಗೆಯನ್ನು ತೆರೆಯಿತು. 2015ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಮೀಶೋ, ವಾಟ್ಸ್‌ಆ್ಯಪ್ ಮೂಲಕ ಪರಿಚಿತರಿಗೆ ಬಟ್ಟೆಬರೆ ಮಾರುವ ಗೃಹಿಣಿಯರನ್ನು ಕೂಡಿಸಿಕೊಂಡು ಸಣ್ಣ ಊರುಗಳಿಗೆ ಹಬ್ಬಿತು. 2016ರ ಸೆಪ್ಟೆಂಬರಿನಲ್ಲಿ ಆರಂಭವಾದ ಜಿಯೋ ಅಂತರಜಾಲವನ್ನು ಅಗ್ಗಗೊಳಿಸಿತು. ಅದೇ ವರ್ಷದ ನವೆಂಬರಿನ ನೋಟು ರದ್ದತಿಯು ಮೊಬೈಲಿನಲ್ಲಿ ಹಣ ಪಾವತಿಸುವುದನ್ನು ಜನರಿಗೆ ರೂಢಿ ಮಾಡಿಸಿತು. 2018ರಲ್ಲಿ ಅಮೆರಿಕದ ವಾಲ್‌ಮಾರ್ಟ್ 1,600 ಕೋಟಿ ಡಾಲರ್ ತೆತ್ತು ಫ್ಲಿಪ್‌ಕಾರ್ಟಿನ ಶೇಕಡಾ 77ರಷ್ಟು ಪಾಲನ್ನು ಕೊಂಡಿತು. 2020ರಲ್ಲಿ ಫ್ಲಿಪ್‌ಕಾರ್ಟ್, ಅಮೆಜಾನ್ ಎರಡೂ ಕನ್ನಡದಲ್ಲಿ ಮಾತನಾಡತೊಡಗಿದವು. ಹಳ್ಳಿಯ ಗ್ರಾಹಕನ ಭಾಷೆಗೆ ಬೆಲೆ ಬಂದದ್ದು ಹಳ್ಳಿಯ ಹಣಕ್ಕೆ ಬೆಲೆ ಬಂದ ಮೇಲೆ.

ಇದರಿಂದ ಆದ ಉಪಕಾರವನ್ನು ಮರೆಮಾಚುವುದು ನ್ಯಾಯವಲ್ಲ. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಕ್ಕಾಗಿ ಜಿಲ್ಲಾ ಕೇಂದ್ರಕ್ಕೆ ಅಲೆಯಬೇಕಿದ್ದ ವಿದ್ಯಾರ್ಥಿನಿಗೆ ಅದು ಅಂಚೆಯ ಪಿನ್‌ಕೋಡ್ ಇರುವಲ್ಲಿಗೇ ಬರುತ್ತದೆ. ಔಷಧಿ ಹೊಡೆಯುವ ಯಂತ್ರದ ಬಿಡಿಭಾಗ ಒಬ್ಬನೇ ವ್ಯಾಪಾರಿಯ ಬಳಿ ಇದ್ದು, ಅವನು ಹೇಳಿದ್ದೇ ಬೆಲೆಯಾಗಿದ್ದ ಸ್ಥಿತಿ ಸಡಿಲಗೊಂಡಿದೆ. ಈ ಅನುಕೂಲಗಳು ನಿಜವಾದವು. ಪ್ರಶ್ನೆ ಇರುವುದು ಅವುಗಳ ಹಿಂದೆಯೇ ಬಂದ ಅಭ್ಯಾಸಗಳ ಬಗ್ಗೆ.

ಮೊದಲನೆಯದು ಕೊಳ್ಳುವ ಕಾಲದ ಪಲ್ಲಟ. ಅಡಿಕೆ ಬೆಳೆಗಾರನ ಕೈಗೆ ಹಣ ಬರುವುದು ಕೊನೆಕೊಯ್ಲು ಮುಗಿದು, ಅಡಿಕೆ ಬೇಯಿಸಿ ಒಣಗಿಸಿ ಮಾರಿದ ಮೇಲೆ. ಮದುವೆ, ಮನೆ ರಿಪೇರಿ, ಹೊಸ ಪಾತ್ರೆ ಎಲ್ಲವೂ ಆ ಲೆಕ್ಕಕ್ಕೆ ಹೊಂದಿಕೊಂಡಿದ್ದವು. ಕಂಪೆನಿಗಳ ಮಹಾ ರಿಯಾಯಿತಿ ಮಾರಾಟ ಬರುವುದಾದರೋ ಸಾಮಾನ್ಯವಾಗಿ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. 2014ರ ಅಕ್ಟೋಬರ್ 6ರಂದು ಫ್ಲಿಪ್‌ಕಾರ್ಟ್ ನಡೆಸಿದ ಒಂದು ದಿನದ ಮಾರಾಟದಿಂದ ಈ ಪರಿಪಾಠ ಬಲಗೊಂಡಿತು. ಮಳೆಗಾಲವಿಡೀ ಮೈಲುತುತ್ತಕ್ಕೂ ಕೂಲಿಗೂ ಖರ್ಚು ಮಾಡಿ ರೈತನ ಕೈ ಬರಿದಾಗಿರುವ ಸಮಯವದು. ಆ ಬರಿಗೈಗೆ ಕಂತಿನ ಸಾಲ, 'ಈಗ ಕೊಳ್ಳಿ, ಆಮೇಲೆ ಕೊಡಿ' ಎಂಬ ಆಮಿಷ ಬಂದು ಕೂಡುತ್ತದೆ. ಬೆಳೆ ಕೊಯ್ಯುವ ಮೊದಲೇ ಅದರ ಹಣ ಮೊಬೈಲಿನಲ್ಲಿ ಕರಗಿರುತ್ತದೆ.

ಎರಡನೆಯದು ಊರಿನ ಅಂಗಡಿಯ ಮಾತು. ಅಲ್ಲಿನ ಉದ್ರಿ ಪುಸ್ತಕ ಬಡ್ಡಿಯಿಲ್ಲದ ಸಾಲಪತ್ರ. 2019ರ ಆಗಸ್ಟಿನ ನೆರೆ, 2021ರ ಜುಲೈಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಾದ ಭೂಕುಸಿತ, 2024ರ ಜುಲೈಯಲ್ಲಿ ಅಂಕೋಲಾ ಬಳಿಯ ಶಿರೂರಿನ ಗುಡ್ಡ ಕುಸಿತ ಇವು ಘಟ್ಟದ ರಸ್ತೆಗಳನ್ನು ನಂಬುವಂತಿಲ್ಲವೆಂದು ಎಚ್ಚರಿಸಿವೆ. ರಸ್ತೆ ಮುಚ್ಚಿದ ದಿನ ಗೋದಾಮಿನ ಲಾರಿ ಘಟ್ಟದ ಬುಡದಲ್ಲೇ ನಿಲ್ಲುತ್ತದೆ. ಅಂದು ಅಕ್ಕಿ, ಮೇಣದ ಬತ್ತಿ ಕೊಡಬೇಕಾದುದು ಊರಿನ ಅಂಗಡಿಯೇ. ಸೋಪು, ಚಹಾಪುಡಿಯನ್ನು ಹತ್ತು ರೂಪಾಯಿ ಅಗ್ಗಕ್ಕೆ ಹೊರಗಿನಿಂದ ತರಿಸಿ, ಆಪತ್ತಿಗೆ ಮಾತ್ರ ಅಂಗಡಿ ಇರಲಿ ಎಂದರೆ ಅದು ಉಳಿಯಲಾರದು.

ಮೂರನೆಯದು, ಮತ್ತು ಪರಿಸರದ ದೃಷ್ಟಿಯಿಂದ ಅತಿ ಗಂಭೀರವಾದುದು, ಕಸ. ಮಲೆನಾಡಿನ ಮನೆಯಲ್ಲಿ ಹಿಂದೆ ಕಸವೆಂಬುದೇ ವಿರಳ. ಬಾಳೆಲೆ ಗೊಬ್ಬರಗುಂಡಿಗೆ, ಅಡಿಕೆ ಹಾಳೆ ದನಕ್ಕೆ, ಕಾಗದ ಬಚ್ಚಲ ಒಲೆಗೆ ಹೋಗುತ್ತಿತ್ತು. ಅದೇ ರೂಢಿಯಲ್ಲಿ ಇಂದು ರಟ್ಟಿನ ಪೆಟ್ಟಿಗೆ ಅಂಟುಪಟ್ಟಿಯ ಸಮೇತ, ಗುಳ್ಳೆಯ ಪ್ಲಾಸ್ಟಿಕ್ ಹಾಳೆ, ಥರ್ಮಾಕೋಲು ಎಲ್ಲವೂ ಬಚ್ಚಲ ಒಲೆ ಸೇರುತ್ತಿವೆ. ಪ್ಲಾಸ್ಟಿಕ್ ಕಡಿಮೆ ಉರಿಯಲ್ಲಿ ಸುಟ್ಟಾಗ ವಿಷಯುಕ್ತ ಹೊಗೆ ಏಳುತ್ತದೆ, ಪಿ.ವಿ.ಸಿ. ಸುಟ್ಟರಂತೂ ಡಯಾಕ್ಸಿನ್‌ನಂಥ ಕ್ಯಾನ್ಸರ್‌ಕಾರಕ ವಸ್ತುಗಳು ಉಂಟಾಗುತ್ತವೆ. ಆ ಹೊಗೆಯನ್ನು ಮೊದಲು ಕುಡಿಯುವವರು ಒಲೆಗೆ ಉರಿ ಹಾಕುವ ಹೆಂಗಸರು ಮತ್ತು ಮೀಯಲು ಹೋದ ಮಕ್ಕಳು. ಉಳಿದ ಬೂದಿ ಗೊಬ್ಬರಗುಂಡಿಗೂ, ಅಲ್ಲಿಂದ ತೋಟಕ್ಕೂ, ತೋಟದ ಕಾದಿಗೆಯಿಂದ ಹಳ್ಳಕ್ಕೂ ಸಾಗುತ್ತದೆ. ಹೊಳೆಯ ಮೂಲದಲ್ಲಿ ವಾಸಿಸುವವರ ಕಸ ಕೆಳಗಿನ ಊರುಗಳವರ ನೀರಿನಲ್ಲಿ ಕಾಣಿಸಿಕೊಳ್ಳುತ್ತದೆ.

ಕಾನೂನು ಇಲ್ಲವೆಂದಲ್ಲ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಗ್ರಾಮ ಪಂಚಾಯತಿಗಳಿಗೂ ಅನ್ವಯವಾಗುತ್ತವೆ. ಉತ್ಪಾದಕರು, ಆಮದುದಾರರು ಹಾಗೂ ಬ್ರ್ಯಾಂಡ್ ಮಾಲೀಕರು ತಮ್ಮ ಪ್ಲಾಸ್ಟಿಕ್ ಹೊದಿಕೆಯ ವಿಲೇವಾರಿಗೆ ಹೊಣೆಯೆಂದು 2022ರ ಫೆಬ್ರವರಿಯ ಮಾರ್ಗಸೂಚಿ ಹೇಳುತ್ತದೆ. ಆದರೆ ಆ ಹೊಣೆ ಬೆಟ್ಟದ ಒಂಟಿಮನೆಯ ಅಂಗಳದವರೆಗೆ ತಾನಾಗಿ ನಡೆದು ಬರುವುದಿಲ್ಲ. ಅದನ್ನು ಗ್ರಾಮಸಭೆಯಲ್ಲಿ ಕೇಳಿ ಪಡೆಯಬೇಕು. ಪಂಚಾಯತಿಯ 'ಸ್ವಚ್ಛ ವಾಹಿನಿ' ಮುಖ್ಯರಸ್ತೆಯಲ್ಲಷ್ಟೇ ಓಡಿದರೆ ಸಾಲದು. ತಿಂಗಳಿಗೊಂದು ದಿನವಾದರೂ ಕೇರಿಯ ತಿರುವಿನವರೆಗೆ ಬರಬೇಕು.

ಗ್ರಾಹಕರ ಹಕ್ಕುಗಳೂ ಗೊತ್ತಿರಬೇಕು. 2020ರ ಇ-ವಾಣಿಜ್ಯ ನಿಯಮಗಳಂತೆ ದೂರು ಬಂದ 48 ಗಂಟೆಗಳೊಳಗೆ ಕಂಪೆನಿಯ ಅಧಿಕಾರಿ ಅದನ್ನು ಸ್ವೀಕರಿಸಿದ್ದಾಗಿ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಗ್ರಾಹಕ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಕಂಪೆನಿಯ ಊರಿಗೆ ಅಲೆಯಬೇಕಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಸಾಮಾನು ತಂದುಕೊಡುವ ಹುಡುಗರ ಹಿತಕ್ಕಾಗಿ 2025ರಲ್ಲಿ ಕರ್ನಾಟಕವು ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಯ ಕಾಯಿದೆ ಮಾಡಿದೆ. ಅವರಲ್ಲಿ ಮಲೆನಾಡಿನ ಹಳ್ಳಿಗಳಿಂದ ಪೇಟೆ ಸೇರಿದವರೂ ಇದ್ದಾರೆಂಬುದನ್ನು ಮರೆಯಬಾರದು.

ಇಷ್ಟಾದರೂ ಹಳ್ಳಿ ಕೇವಲ ಕೊಳ್ಳುವವರ ಊರಾಗಿ ಉಳಿಯಬೇಕಿಲ್ಲ. ಕೂಡಿ ವ್ಯಾಪಾರ ಮಾಡುವುದು ಈ ನಾಡಿಗೆ ಹೊಸ ವಿದ್ಯೆಯಲ್ಲ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಹಕಾರಿ ಸಂಘ ಹುಟ್ಟಿತು. 1923ರಲ್ಲಿ ಶಿರಸಿಯ ತೋಟಗಾರರು ತಮ್ಮದೇ ಮಾರಾಟ ಸಂಘವನ್ನು ಕಟ್ಟಿದರು. 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಸ್ಥಾಪನೆಯಾಯಿತು. ಮಧ್ಯವರ್ತಿಯ ಹಿಡಿತ ತಪ್ಪಿಸುವುದು ಅಂದಿನ ಗುರಿ. ಇಂದಿನ ಮಧ್ಯವರ್ತಿ ಮೊಬೈಲಿನೊಳಗಿದ್ದಾನೆ. 2023ರ ಅಕ್ಟೋಬರ್ 1ರಿಂದ ಜಿ.ಎಸ್.ಟಿ. ನೋಂದಣಿಯಿಲ್ಲದ ಸಣ್ಣ ಉತ್ಪಾದಕರೂ ಕೆಲವು ಷರತ್ತುಗಳಿಗೆ ಒಳಪಟ್ಟು ರಾಜ್ಯದೊಳಗೆ ಇಂಥ ವೇದಿಕೆಗಳಲ್ಲಿ ಮಾರಬಹುದಾಗಿದೆ. ಮಿಡಿ ಉಪ್ಪಿನಕಾಯಿ, ಮುರುಗಲು, ಜೇನು, ಹಾಳೆತಟ್ಟೆಗಳನ್ನು ಮಹಿಳಾ ಸಂಘಗಳು ಒಟ್ಟಾಗಿ ಮಾರಬಲ್ಲವು. ಆದರೆ ಬೇಡಿಕೆ ಹೆಚ್ಚಿತೆಂದು ಹೊಳೆದಂಡೆಯ ಅಪ್ಪೆ ಮರ ಹರಿದು ಬರಿದಾಗುವಂತೆ ಮಿಡಿ ಕೊಯ್ದರೆ, ಆ ವ್ಯಾಪಾರವೂ ಕಾಡಿನ ಲೂಟಿಯೇ ಆದೀತು.

ಆಚರಣೆಗೆ ತರಬಹುದಾದ ನಿಯಮಗಳು ಕೆಲವೇ. ನಿತ್ಯದ ದಿನಸಿ ಊರಿನ ಅಂಗಡಿ ಅಥವಾ ಸಂಘದಿಂದಲೇ ಬರಲಿ. ಅಲ್ಲಿ ಸಿಗದುದನ್ನು ತರಿಸುವಾಗ ನಾಲ್ಕು ಮನೆಯವರು ಮಾತಾಡಿಕೊಂಡು ಒಮ್ಮೆಗೇ ತರಿಸಲಿ. ಆಸೆ ಹುಟ್ಟಿದ ವಸ್ತುವಿನ ಹೆಸರನ್ನು ಚೀಟಿಯಲ್ಲಿ ಬರೆದು ಒಂದು ವಾರ ಕಾದು ನೋಡಲಿ. ಪೆಟ್ಟಿಗೆಯ ಅಂಟುಪಟ್ಟಿ ಕಿತ್ತು ರಟ್ಟನ್ನು ಬೇರೆ, ಪ್ಲಾಸ್ಟಿಕನ್ನು ಬೇರೆ ಇಡಲಿ. ಬಚ್ಚಲ ಒಲೆಗೆ ಪ್ಲಾಸ್ಟಿಕ್ ಹಾಕುವುದಿಲ್ಲವೆಂಬ ನಿರ್ಣಯವನ್ನು ಪ್ರತಿ ಕೇರಿಯೂ ಮಾಡಲಿ. ವಿದ್ಯಾರ್ಥಿಗಳು ತಮ್ಮ ಊರಿಗೆ ತಿಂಗಳಲ್ಲಿ ಎಷ್ಟು ಪೊಟ್ಟಣ ಬಂತು, ಎಷ್ಟು ಹಿಂದಿರುಗಿತು, ಎಷ್ಟು ಕಸ ಉಳಿಯಿತು ಎಂದು ಎಣಿಸಿ ಬರೆದಿಡಲಿ. ಆ ಲೆಕ್ಕ ಮುಂದಿನ ಗ್ರಾಮಸಭೆಯ ಮೇಜಿನ ಮೇಲಿದ್ದರೆ ಅದನ್ನು ತಳ್ಳಿಹಾಕುವುದು ಯಾರಿಗೂ ಸುಲಭವಾಗದು.