ಸೊಳ್ಳೆಯ ಲೆಕ್ಕ
(ಶಾಲೆಯ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



‘ಗಣಿತವನ್ನು ಕಲಿತು ಏನು ಪ್ರಯೋಜನ?’ ಎಂದು ಮಕ್ಕಳು ಕೇಳುವುದುಂಟು. ರಾಯದುರ್ಗ, ಮಡಕಶಿರಾ ಸೀಮೆಯವರಾದ ನಮಗೆ ಮಳೆಯ ಲೆಕ್ಕ, ಸಾಲದ ಲೆಕ್ಕ, ಕಡಲೆಕಾಯಿಯ ಲೆಕ್ಕ ಚೆನ್ನಾಗಿ ತಿಳಿದಿವೆ. ಈ ದಿನ ಜ್ವರದ ಲೆಕ್ಕವೊಂದನ್ನು ತಮ್ಮ ಮುಂದಿಡಲು ನಾವು ಬಯಸುತ್ತೇವೆ.

1883ರಲ್ಲಿ ರೊನಾಲ್ಡ್ ರಾಸ್ ಎಂಬ ತರುಣ ವೈದ್ಯರು ಬೆಂಗಳೂರಿನ ದಂಡಿನಲ್ಲಿದ್ದರು. ಅವರ ಬಂಗಲೆಯಲ್ಲಿ ಸೊಳ್ಳೆಯ ಕಾಟ ವಿಪರೀತವಾಗಿತ್ತು. ಹೊರಗಿದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಮರಿಗಳನ್ನು ಕಂಡು ಅದನ್ನು ಬೋರಲು ಹಾಕಿದರು. ಕಾಟ ಬಹುಮಟ್ಟಿಗೆ ಅಡಗಿತು. ಉಳಿದ ತೊಟ್ಟಿಗಳನ್ನೂ ಬರಿದು ಮಾಡೋಣವೆಂದಾಗ, ಅದು ಸೃಷ್ಟಿನಿಯಮಕ್ಕೆ ವಿರುದ್ಧವೆಂದು ಅಧಿಕಾರಿಯೊಬ್ಬರು ಒಪ್ಪಲಿಲ್ಲವಂತೆ! ಮುಂದೆ 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ, ಮಲೇರಿಯಾ ರೋಗಿಯ ರಕ್ತ ಕುಡಿದ ಸೊಳ್ಳೆಯ ಜಠರದಲ್ಲಿ ರೋಗಾಣುವನ್ನು ಕಂಡವರು ಇವರೇ. 1902ರಲ್ಲಿ ಇವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಆದರೆ ‘ಸೊಳ್ಳೆಗಳನ್ನೆಲ್ಲ ಕೊಲ್ಲುವುದು ಸಾಧ್ಯವೇ?’ ಎಂದು ಹಲವರು ಆಕ್ಷೇಪಿಸಿದರು. ಲಾಹೋರಿನ ಬಳಿ ಮಿಯಾನ್ ಮೀರ್ ದಂಡಿನಲ್ಲಿ ನಡೆದ ಪ್ರಯತ್ನವು ಫಲಿಸದಿದ್ದುದೂ ಅವರಿಗೆ ಆಧಾರವಾಯಿತು. ರಾಸ್ ಅವರು ಗಣಿತದಿಂದ ಉತ್ತರವಿತ್ತರು. 1908ರ ಮಾರಿಷಸ್ ವರದಿಯಲ್ಲಿಯೂ 1911ರ ತಮ್ಮ ಗ್ರಂಥದಲ್ಲಿಯೂ ಅವರು ತೋರಿಸಿದ್ದಿಷ್ಟು: ಎಲ್ಲ ಸೊಳ್ಳೆಗಳನ್ನೂ ಕೊಲ್ಲಬೇಕಾಗಿಲ್ಲ, ಒಂದು ಮಿತಿಗಿಂತ ಕೆಳಗಿಳಿಸಿದರೆ ರೋಗವು ತಾನಾಗಿಯೇ ಅಳಿಯುತ್ತದೆ.

ಇದು ಹೇಗೆಂಬುದನ್ನು ಒಂದು ಉದಾಹರಣೆಯಿಂದ ನೋಡೋಣ. ಒಬ್ಬ ರೋಗಿಯಿಂದ 3 ಜನಕ್ಕೆ ಜ್ವರ ತಗಲುವುದೆಂದು ಎಣಿಸಿರಿ. 3, 9, 27, 81, 243 — ಊರೇ ಹಾಸಿಗೆ ಹಿಡಿಯುತ್ತದೆ. ಈಗ ಸೊಳ್ಳೆಪರದೆಯಿಂದ ಕಡಿತಗಳು ಅರ್ಧಕ್ಕಿಳಿದುವೆನ್ನೋಣ. ಸೊಳ್ಳೆಯು ರೋಗವನ್ನು ಪಡೆಯಲು ಒಮ್ಮೆ, ಕೊಡಲು ಇನ್ನೊಮ್ಮೆ ಕಚ್ಚಬೇಕು. ಅರ್ಧದ ಅರ್ಧ ಕಾಲು. 3ರ ಕಾಲುಭಾಗ ಮುಕ್ಕಾಲು. ಆಗ 100 ರೋಗಿಗಳಿಂದ 75, ಅವರಿಂದ 56, ಬಳಿಕ 42. ಸೊಳ್ಳೆಗಳು ಉಳಿದಿದ್ದರೂ ಜ್ವರ ಇಳಿಮುಖವಾಯಿತು!

1950ರ ದಶಕದಲ್ಲಿ ಜಾರ್ಜ್ ಮ್ಯಾಕ್‌ಡೊನಾಲ್ಡ್ ಎಂಬ ವಿದ್ವಾಂಸರು ಇನ್ನೊಂದನ್ನು ಕಂಡುಕೊಂಡರು. ಸೊಳ್ಳೆಯ ಒಡಲಲ್ಲಿ ರೋಗಾಣು ಬಲಿಯಲು ಸುಮಾರು 10 ದಿನಗಳಾದರೂ ಬೇಕು. ದಿನವೂ ನೂರಕ್ಕೆ 90 ಸೊಳ್ಳೆಗಳು ಬದುಕಿದರೆ ಹತ್ತನೆಯ ದಿನಕ್ಕೆ 35 ಉಳಿಯುತ್ತವೆ. 70 ಮಾತ್ರ ಬದುಕಿದರೆ ಉಳಿಯುವುವು ಸುಮಾರು ಮೂರೇ! ಆದುದರಿಂದಲೇ ಸೊಳ್ಳೆಗಳು ಕೂರುವ ಗೋಡೆಗೆ ಔಷಧ ಸಿಂಪಡಿಸುವ ಕ್ರಮಕ್ಕೆ ಅಷ್ಟು ಬಲ.

1947ರಲ್ಲಿ ಭಾರತದಲ್ಲಿ ವರ್ಷಕ್ಕೆ ಸುಮಾರು ಏಳೂವರೆ ಕೋಟಿ ಜನರು ಮಲೇರಿಯಾಕ್ಕೆ ತುತ್ತಾಗುತ್ತಿದ್ದರೆಂದು ಅಂದಾಜು. 1953ರಲ್ಲಿ ನಿಯಂತ್ರಣ ಕಾರ್ಯಕ್ರಮ, 1958ರಲ್ಲಿ ನಿರ್ಮೂಲನ ಕಾರ್ಯಕ್ರಮ ಆರಂಭವಾದುವು. 1965ರ ಹೊತ್ತಿಗೆ ರೋಗಿಗಳ ಸಂಖ್ಯೆ ಸುಮಾರು ಒಂದು ಲಕ್ಷಕ್ಕಿಳಿಯಿತು. ಗೆದ್ದೆವೆಂದು ಎಚ್ಚರ ತಪ್ಪಿದರು. ಸೊಳ್ಳೆಗಳೂ ಔಷಧಕ್ಕೆ ಜಗ್ಗದಾದುವು. 1976ರಲ್ಲಿ ಸಂಖ್ಯೆ 64 ಲಕ್ಷವನ್ನು ಮುಟ್ಟಿತು. ಇಳಿಸಿದ ಲೆಕ್ಕವೇ ಏರಿಸುವುದನ್ನೂ ಬಲ್ಲದು.

2030ರೊಳಗೆ ಮಲೇರಿಯಾವನ್ನು ಹೋಗಲಾಡಿಸಬೇಕೆಂಬುದು ಈಗ ದೇಶದ ಗುರಿ. ಬಯಲುಸೀಮೆಯ ನಾವು ನೀರಿನ ಅಭಾವದಿಂದ ತೊಟ್ಟಿ, ಡ್ರಮ್ಮು, ಬಾನಿಗಳಲ್ಲಿ ನೀರು ತುಂಬಿಡುತ್ತೇವೆ. ಮಲೇರಿಯಾ ಹರಡುವ ಸೊಳ್ಳೆಗಳಲ್ಲಿ ಒಂದು ಜಾತಿ ಇಂತಹ ತಿಳಿನೀರಿನಲ್ಲಿಯೇ ಮೊಟ್ಟೆಯಿಡುತ್ತದೆ. ತಾಯಂದಿರೇ, ಅವನ್ನು ಬಿಗಿಯಾಗಿ ಮುಚ್ಚಿರಿ. ವಾರಕ್ಕೊಮ್ಮೆ ಬರಿದು ಮಾಡಿ, ಉಜ್ಜಿ, ಒಣಗಿಸಿರಿ. ಗುಳೆ ಹೋಗಿ ಮರಳಿದವರಿಗೆ ಜ್ವರ ಬಂದರೆ ರಕ್ತಪರೀಕ್ಷೆ ಮಾಡಿಸಿರಿ. ಜ್ವರ ಬಿಟ್ಟಿತೆಂದು ಮಾತ್ರೆಯನ್ನು ನಡುವೆ ನಿಲ್ಲಿಸದಿರಿ. ಆ ಒಬ್ಬರೇ ಲೆಕ್ಕದ ಮೊದಲನೆಯ ಅಂಕಿಯಾಗಬಹುದು.

ವಿದ್ಯಾರ್ಥಿಗಳೇ, ಪ್ರತಿ ಭಾನುವಾರ ನಿಮ್ಮ ಬೀದಿಯ ಎಷ್ಟು ತೊಟ್ಟಿಗಳಲ್ಲಿ ಮರಿಗಳಿವೆಯೆಂದು ಎಣಿಸಿ ಪುಸ್ತಕದಲ್ಲಿ ಬರೆದಿಡಿರಿ. ಆ ಅಂಕಿ ವಾರ ವಾರಕ್ಕೆ ಇಳಿಯುತ್ತ ಬಂದರೆ, ನೀವು ಕಲಿತ ಗಣಿತವು ನಿಮ್ಮ ತಮ್ಮನನ್ನೋ ತಂಗಿಯನ್ನೋ ಕಾಪಾಡಿತೆಂದು ತಿಳಿಯಿರಿ. ಗಣಿತದ ಪ್ರಯೋಜನಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.