ಏಳು ಕಿಲೋದಲ್ಲಿ ಕಾಶಿಯಾತ್ರೆ



ದಸರಾ ಮುಗಿದು, ಬಂದ ನೆಂಟರನ್ನೆಲ್ಲ ಬಸ್ಸು ಹತ್ತಿಸಿದ ಮೇಲೆ ಮೈಸೂರಿನ ಎಷ್ಟೋ ಮನೆಗಳಲ್ಲಿ ನಾವೂ ಎಲ್ಲಿಗಾದರೂ ಹೋಗಿಬರೋಣ ಎನ್ನುವ ಮಾತು ಏಳುತ್ತದೆ. ಮಕ್ಕಳಿಗೆ ಇನ್ನೂ ರಜೆ ಇರುತ್ತದೆ. ಅಜ್ಜಿಗೆ ಕಾಶಿ ನೋಡಬೇಕೆಂಬುದು ಬಹಳ ವರ್ಷದ ಆಸೆ. ರೈಲಿನಲ್ಲಾದರೆ ಹೆಚ್ಚುಕಡಿಮೆ ಎರಡು ದಿನ. ಬೆಂಗಳೂರಿನಿಂದ ನೇರ ವಿಮಾನವಾದರೆ ಎರಡೂವರೆ ಗಂಟೆಯ ಆಸುಪಾಸು. ಅಜ್ಜಿಯ ಮಂಡಿನೋವನ್ನು ನೆನೆದು ಮನೆಯವರು ವಿಮಾನದ ಟಿಕೆಟ್ಟನ್ನೇ ತೆಗೆಸುತ್ತಾರೆ. ಅಲ್ಲಿಗೆ ದೊಡ್ಡ ಸೂಟ್‌ಕೇಸು ಅಟ್ಟದಿಂದ ಇಳಿಯುತ್ತದೆ.

ಆ ಸೂಟ್‌ಕೇಸನ್ನು ಅಟ್ಟದಲ್ಲೇ ಬಿಡಬಹುದು ಎಂಬುದು ಈ ಹೊತ್ತು ನಾನು ಹೇಳಬೇಕೆಂದಿರುವ ಮಾತು. ಐದು ದಿನದ ಪ್ರವಾಸಕ್ಕೆ ಅಜ್ಜಿ, ಮಗ, ಸೊಸೆ, ಇಬ್ಬರು ಮಕ್ಕಳು ಹೊರಟಿದ್ದಾರೆ ಎನ್ನಿ. ಇಷ್ಟು ಜನರೂ ಬರೀ ಕೈಚೀಲದಲ್ಲೇ ಹೋಗಿಬರುವುದು ಸಾಧ್ಯ, ಸುಲಭ ಕೂಡ.

ಲೆಕ್ಕ ನೋಡಿ. ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯ ದರ್ಜೆಯ ಪ್ರಯಾಣಿಕರೊಬ್ಬರು 7 ಕಿಲೋ ತೂಕದ ಒಂದು ಚೀಲವನ್ನು ಒಳಗೆ ಒಯ್ಯಬಹುದು. ಚೀಲದ ಉದ್ದ, ಅಗಲ, ದಪ್ಪ ಮೂರನ್ನೂ ಕೂಡಿಸಿದರೆ 115 ಸೆಂಟಿಮೀಟರ್ ದಾಟಬಾರದು. ಇದರ ಜೊತೆಗೆ ಹೆಂಗಸರ ಪರ್ಸನ್ನೋ ಸಣ್ಣ ಲ್ಯಾಪ್‌ಟಾಪ್ ಚೀಲವನ್ನೋ ಸಾಮಾನ್ಯವಾಗಿ ಬಿಡುತ್ತಾರೆ. ಎರಡು ವರ್ಷ ತುಂಬಿದ ಮಗುವಿಗೆ ಸ್ವಂತ ಸೀಟು, ಸ್ವಂತ ಟಿಕೆಟ್ಟು. ಹಾಗಾಗಿ ಅದಕ್ಕೂ ಏಳು ಕಿಲೋ ಹಕ್ಕು ಉಂಟು. ಐದು ಜನಕ್ಕೆ 35 ಕಿಲೋ ಆಯಿತು. ಐದು ದಿನಕ್ಕೆ ಅಷ್ಟು ಬೇಕೇ ಬೇಕಿಲ್ಲ.

ಟಿಕೆಟ್ಟಿನಲ್ಲೇ ತಲೆಗೆ 15 ಕಿಲೋ ದೊಡ್ಡ ಲಗೇಜು ಸೇರಿರುವಾಗ ಅದನ್ನು ಯಾಕೆ ಬಿಡಬೇಕು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಮೈಸೂರಿನವರಿಗೆ ಪ್ರಯಾಣ ಶುರುವಾಗುವುದು ವಿಮಾನದಲ್ಲಲ್ಲ. ಮಂಡಕಳ್ಳಿಯಲ್ಲಿ ನಮಗೊಂದು ವಿಮಾನ ನಿಲ್ದಾಣ ಇದೆ, ನಿಜ. 2010ರಲ್ಲಿ ಹೊಸ ಟರ್ಮಿನಲ್ ಆದಾಗಿನಿಂದ ವಿಮಾನಗಳು ಬರುತ್ತ, ನಿಲ್ಲುತ್ತ, ಮತ್ತೆ ಬರುತ್ತ ಇವೆ. ಅಲ್ಲಿನ ರನ್‌ವೇ 1,740 ಮೀಟರ್ ಮಾತ್ರ ಇರುವುದರಿಂದ ಎಪ್ಪತ್ತು ಚಿಲ್ಲರೆ ಸೀಟಿನ ಎಟಿಆರ್ ವಿಮಾನವೇ ಅದಕ್ಕೆ ಹೊಂದುವಂಥದ್ದು. ಹೀಗಾಗಿ ನಮ್ಮಲ್ಲಿ ಹೆಚ್ಚಿನವರು ದೇವನಹಳ್ಳಿಗೇ ಹೋಗಬೇಕು. ಕೆಎಸ್‌ಆರ್‌ಟಿಸಿಯ ಫ್ಲೈಬಸ್ಸಿನಲ್ಲಿ ನಾಲ್ಕು ಗಂಟೆಯ ದಾರಿ. ಮನೆಯಿಂದ ಆಟೋ, ಆಟೋದಿಂದ ಬಸ್ಸು, ಬಸ್ಸಿನಿಂದ ಟರ್ಮಿನಲ್ಲು. ಪ್ರತಿ ಸಲವೂ ಲಗೇಜು ಎತ್ತಿ ಇಳಿಸಬೇಕು.

ಕಾಶಿ ತಲುಪಿದ ಮೇಲಿನ ಕಷ್ಟ ಇನ್ನೂ ಹೆಚ್ಚಿನದು. ಬಾಬತ್‌ಪುರದ ವಿಮಾನ ನಿಲ್ದಾಣದಿಂದ ಊರೊಳಕ್ಕೆ ಸುಮಾರು 25 ಕಿಲೋಮೀಟರ್. ಕನ್ನಡಿಗರು ಇಳಿದುಕೊಳ್ಳುವ ಜಾಗಗಳು ಹೆಚ್ಚಾಗಿ ಗಂಗೆಗೆ ಹತ್ತಿರ. ಗೋದೌಲಿಯಾ ಬಳಿ ಜಂಗಮವಾಡಿ ಮಠ. ಹನುಮಾನ್ ಘಾಟಿನ ಪಕ್ಕದಲ್ಲಿ, ಮೈಸೂರು ಸಂಸ್ಥಾನದವರು ಕಟ್ಟಿಸಿದ, ಈಗ ಕರ್ನಾಟಕ ಘಾಟ್ ಎಂದು ಕರೆಯುವ ಮೆಟ್ಟಿಲುಗಳು. ಅಲ್ಲಿನ ಗಲ್ಲಿಗಳಿಗೆ ಕಾರು ಹೋಗುವುದಿಲ್ಲ. ಎದುರಿಗೆ ಹಸು ಬಂದರೆ ಗೋಡೆಗೆ ಒರಗಿ ನಿಲ್ಲಬೇಕು. ಕಲ್ಲುಹಾಸಿನ ಮೇಲೆ ಚಕ್ರ ಉರುಳುವುದಿಲ್ಲ. ಇಪ್ಪತ್ತೈದು ಕಿಲೋ ಸೂಟ್‌ಕೇಸನ್ನು ಅಲ್ಲಿ ಹೊರುವವರು ಯಾರು? ಅಜ್ಜಿಯ ಕೈ ಹಿಡಿಯಬೇಕಾದ ಮಗನೇ. ಅವನ ಎರಡು ಕೈಯೂ ಬಿಡುವಾಗಿರಬೇಕು ಎನ್ನುವುದೊಂದೇ ಕಾರಣ ಸಾಕು, ನನ್ನ ಮಟ್ಟಿಗೆ.

ಬೇರೆ ಕಾರಣಗಳೂ ಇವೆ. ದೊಡ್ಡ ಲಗೇಜು ಕೊಟ್ಟವರು ಇಳಿದ ಮೇಲೆ ಬೆಲ್ಟಿನ ಮುಂದೆ ಕಾಯಬೇಕು. ಕೊನೆಯ ಚೀಲವೂ ಮೂವತ್ತು ನಿಮಿಷದೊಳಗೆ ಬರಬೇಕೆಂದು 2024ರ ಫೆಬ್ರವರಿಯಲ್ಲಿ ಸರ್ಕಾರ ವಿಮಾನ ಕಂಪನಿಗಳಿಗೆ ಸೂಚನೆ ಕೊಟ್ಟಿತು. ಆ ಮೂವತ್ತು ನಿಮಿಷವೂ ಹಸಿದ ಮಕ್ಕಳಿಗೆ ದೀರ್ಘವೇ. ಇನ್ನು, ಚೀಲ ತಪ್ಪಿಹೋಗುವ ಭಯ. ಸೀಟಾ ಎಂಬ ಸಂಸ್ಥೆ ಜಗತ್ತಿನ ಲೆಕ್ಕ ಇಡುತ್ತದೆ: 2024ರಲ್ಲಿ ಸಾವಿರ ಪ್ರಯಾಣಿಕರಿಗೆ ಆರಕ್ಕಿಂತ ತುಸು ಹೆಚ್ಚು ಚೀಲಗಳು ತಡವಾದವು, ಕಳೆದವು ಅಥವಾ ಹಾಳಾದವು. ಇವುಗಳಲ್ಲಿ ದೊಡ್ಡ ಪಾಲು ಒಂದು ವಿಮಾನದಿಂದ ಇನ್ನೊಂದಕ್ಕೆ ಬದಲಾಗುವಾಗ ತಪ್ಪುವಂಥವು. ದೆಹಲಿಯಲ್ಲೋ ಹೈದರಾಬಾದಿನಲ್ಲೋ ಇಳಿದು ಹತ್ತಿ ಕಾಶಿಗೆ ಹೋಗುವವರು ಇದನ್ನು ಗಮನಿಸಬೇಕು.

ಸರಿ, ತುಂಬುವುದು ಹೇಗೆ? ಮೊದಲು ಖಾಲಿ ಚೀಲವನ್ನೇ ತೂಗಿ. ಗಟ್ಟಿ ಪ್ಲಾಸ್ಟಿಕ್ಕಿನ ಚಕ್ರದ ಟ್ರಾಲಿ ಖಾಲಿಯಿದ್ದಾಗಲೇ ಎರಡೂವರೆ ಮೂರು ಕಿಲೋ ತೂಗುತ್ತದೆ. ಐದು ಜನಕ್ಕೆ ಐದು ಟ್ರಾಲಿ ಎಂದರೆ 35ರಲ್ಲಿ ಹದಿಮೂರು ಹದಿನಾಲ್ಕು ಕಿಲೋ ಬರೀ ಪೆಟ್ಟಿಗೆಗೇ ಹೋಯಿತು. ಬಟ್ಟೆಯ ಬೆನ್ನುಚೀಲ ಒಂದು ಕಿಲೋ ಒಳಗೆ ಬರುತ್ತದೆ. ಚಕ್ರದ ಚೀಲ ದೊಡ್ಡ ಸಂಗತಿಯೇ. 1987ರಲ್ಲಿ ರಾಬರ್ಟ್ ಪ್ಲಾತ್ ಎಂಬ ಅಮೆರಿಕದ ಪೈಲಟ್ ನಿಲ್ಲಿಸಿ ಎಳೆಯುವ ಚೀಲ ಮಾಡಿದ ಮೇಲೆಯೇ ಜಗತ್ತಿನ ವಿಮಾನ ನಿಲ್ದಾಣಗಳ ನೋಟ ಬದಲಾದದ್ದು. ಬೆನ್ನಿಗೆ ಹೊರಲಾಗದ ಅಜ್ಜಿಯ ಸಾಮಾನಿಗೆ ಒಂದು ಟ್ರಾಲಿ ಇರಲಿ. ಉಳಿದವರಿಗೆ ಬೆನ್ನುಚೀಲ ಸಾಕು. ಮಂಡಕಳ್ಳಿಯಿಂದ ಎಟಿಆರ್ ಹತ್ತುವವರಿಗಂತೂ ಮೆತ್ತನೆ ಚೀಲವೇ ಸರಿ, ಆ ವಿಮಾನದ ತಲೆಮೇಲಿನ ಗೂಡುಗಳು ಚಿಕ್ಕವು. ಗಟ್ಟಿ ಟ್ರಾಲಿಯನ್ನು ಎಷ್ಟೋ ಸಲ ಬಾಗಿಲಲ್ಲೇ ತೆಗೆದುಕೊಂಡು ಕೆಳಗೆ ಹಾಕುತ್ತಾರೆ.

ಎರಡನೆಯದು, ಮನೆಮಂದಿಗೆಲ್ಲ ಸೇರಿ ಒಂದೇ ಸಾಕಾಗುವ ಸಾಮಾನು ಎಷ್ಟಿದೆ ನೋಡಿ. ಪೇಸ್ಟು, ಸೋಪು, ಬಾಚಣಿಗೆ, ಫೋನಿನ ಚಾರ್ಜರು, ಅಮೃತಾಂಜನ. ಇವನ್ನು ಒಬ್ಬೊಬ್ಬರೂ ಒಂದೊಂದು ಇಟ್ಟುಕೊಂಡರೆ ಕಿಲೋಗಟ್ಟಲೆ ಆಗುತ್ತದೆ. ದಪ್ಪ ಟರ್ಕಿ ಟವಲ್ಲಿಗೆ ಬದಲು ತೆಳು ಪಂಚೆಯ ಟವಲ್ಲು ಇಡಿ. ನಾಲ್ಕನೇ ಒಂದು ಪಾಲು ತೂಕ, ಗಂಗೆಯಲ್ಲಿ ಮಿಂದು ಬಂದ ಮೇಲೆ ಗಂಟೆಯೊಳಗೆ ಒಣಗುತ್ತದೆ. ಜೀನ್ಸ್ ಪ್ಯಾಂಟನ್ನು ಹಾಕಿಕೊಂಡೇ ಹೊರಡಿ. ಮೈಮೇಲಿದ್ದದ್ದನ್ನು ಯಾರೂ ತೂಗುವುದಿಲ್ಲ. ಡಿಸೆಂಬರಿನಲ್ಲಿ ಹೋಗುವವರ ಸ್ವೆಟರಿಗೂ ಇದೇ ಮಾತು. ತಲಾ ಮೂರು ಜೊತೆ ಬಟ್ಟೆ ಸಾಕು. ರಾತ್ರಿ ಒಗೆದು ಹಾಕಿದ ಹತ್ತಿ ಬಟ್ಟೆ ಬೆಳಿಗ್ಗೆ ಫ್ಯಾನಿನ ಕೆಳಗೆ ಒಣಗಿರುತ್ತದೆ. ಅತ್ತೆಗೂ ಸೊಸೆಗೂ ವಿಶ್ವನಾಥನ ದರ್ಶನಕ್ಕೆ ಒಂದೊಂದು ಮೈಸೂರು ರೇಷ್ಮೆ ಸೀರೆ ಬೇಕೇ ಬೇಕು. ಸಾದಾ ಕ್ರೇಪಿನದು ಅರ್ಧ ಕಿಲೋ ಆಸುಪಾಸು, ಮಡಿಸಿದರೆ ಅಂಗೈಯಗಲ. ಅದನ್ನು ಬಿಟ್ಟುಬನ್ನಿ ಎಂದು ನಾನು ಖಂಡಿತ ಹೇಳುವುದಿಲ್ಲ.

ಇಲ್ಲಿ ನನಗೆ ಮುಖ್ಯವೆನಿಸುವ ಇನ್ನೊಂದು ಸಂಗತಿ ಇದೆ. ದೊಡ್ಡ ಸೂಟ್‌ಕೇಸು ತುಂಬುವುದು ನಮ್ಮ ಮನೆಗಳಲ್ಲಿ ಒಬ್ಬಳ ಕೆಲಸ. ಯಾರ ಬನಿಯನ್ನು ಎಲ್ಲಿದೆ, ಯಾರ ಮಾತ್ರೆ ಯಾವ ಜೇಬಿನಲ್ಲಿದೆ, ಎಲ್ಲವನ್ನೂ ಆಕೆಯೇ ನೆನಪಿಟ್ಟುಕೊಳ್ಳಬೇಕು. ಮರೆತರೆ ಮಾತು ಕೇಳಬೇಕಾದವಳೂ ಆಕೆಯೇ. ತಲೆಗೊಂದು ಚೀಲ ಎಂದಾದಾಗ ಒಂಬತ್ತು ವರ್ಷದ ಹುಡುಗನಿಗೂ ತನ್ನ ಚೀಲದಲ್ಲಿ ಏನಿದೆ ಎಂದು ಗೊತ್ತಿರುತ್ತದೆ. ಅವನೇ ತುಂಬಲಿ. ಅಮ್ಮ ಆಮೇಲೆ ಒಮ್ಮೆ ಕಣ್ಣಾಡಿಸಲಿ. ಚಿಕ್ಕವರ ಬೆನ್ನಿಗೆ ಏಳು ಕಿಲೋ ಹೊರಿಸಬೇಡಿ. ಎರಡು ಮೂರು ಕಿಲೋ ಸಾಕು. ಹಾಗೆಂದು ಮಗನ ಚೀಲ ಮೂರು ಕಿಲೋ ಇದೆ, ಅದಕ್ಕೆ ನನ್ನದು ಹನ್ನೊಂದು ಎಂದು ಕೌಂಟರಿನಲ್ಲಿ ವಾದಿಸಬೇಡಿ. ಅವರು ಒಂದೊಂದು ಚೀಲವನ್ನೂ ಬೇರೆಯಾಗಿ ತೂಗಬಹುದು. ಮನೆಯಲ್ಲೇ ಚೀಲ ಹೊತ್ತು ತೂಕದ ಯಂತ್ರದ ಮೇಲೆ ನಿಂತು, ನಿಮ್ಮ ತೂಕ ಕಳೆದರೆ ಲೆಕ್ಕ ಸಿಗುತ್ತದೆ.

ಮೂರನೆಯದು, ಭದ್ರತಾ ತಪಾಸಣೆ. ದೊಡ್ಡ ಲಗೇಜು ಇಲ್ಲದಿದ್ದಾಗ ಮನೆಯ ಸಕಲ ಸಾಮಾನೂ ಎಕ್ಸ್‌ರೇ ಯಂತ್ರದ ಮುಂದೆ ಬರುತ್ತದೆ. ಕಾಶಿಗೆ ಹೊರಟವರು ಪೂಜೆಯ ಸಾಮಾನನ್ನು ಜೋಡಿಸಿಕೊಳ್ಳುವುದು ರೂಢಿ. ಕರ್ಪೂರ, ಬೆಂಕಿಪೊಟ್ಟಣ, ದೀಪದ ಎಣ್ಣೆ ಮೂರೂ ಬೇಡ. ಕರ್ಪೂರವೂ ಬೆಂಕಿಪೊಟ್ಟಣವೂ ಹೊತ್ತಿಕೊಳ್ಳುವ ವಸ್ತುಗಳಾದ್ದರಿಂದ ದೊಡ್ಡ ಲಗೇಜಿನಲ್ಲೂ ಹಾಕುವ ಹಾಗಿಲ್ಲ. ಅಲ್ಲಿ ಗಲ್ಲಿಗಲ್ಲಿಗೂ ಸಿಗುತ್ತವೆ. ಇಡೀ ತೆಂಗಿನಕಾಯಿಯನ್ನೂ ಒಳಗೆ ಬಿಡುವುದಿಲ್ಲ. 2024ರ ಅಕ್ಟೋಬರಿನಲ್ಲಿ ಶಬರಿಮಲೆಗೆ ಹೋಗುವ ಅಯ್ಯಪ್ಪ ಭಕ್ತರ ಇರುಮುಡಿಯ ಕಾಯಿಗೆ, ಆ ಯಾತ್ರೆಯ ಕಾಲಕ್ಕೆ ಮಾತ್ರ, ವಿಶೇಷ ಅನುಮತಿ ಕೊಟ್ಟರು. ಹಾಗೆ ಅನುಮತಿ ಕೊಡಬೇಕಾಗಿ ಬಂತು ಎನ್ನುವುದರಲ್ಲೇ ನಿಯಮ ಏನೆಂದು ತಿಳಿಯುತ್ತದೆ. ಅಜ್ಜಿಯ ಎಲೆಅಡಿಕೆ ಪೆಟ್ಟಿಗೆಯಲ್ಲಿ ಅಡಕತ್ತರಿ ಇದ್ದರೆ ಹಿಂದಿನ ರಾತ್ರಿಯೇ ತೆಗೆದಿಡಿ. ಕತ್ತರಿಸಿದ ಅಡಿಕೆ ಒಯ್ಯಲಿ. ಎಷ್ಟೋ ದಶಕ ಕೈಯಲ್ಲಿ ಆಡಿದ ವಸ್ತುವನ್ನು ತಪಾಸಣೆಯ ಮೇಜಿನ ಮೇಲೆ ಬಿಟ್ಟುಹೋಗುವ ಸಂಕಟ ಆಕೆಗೆ ಬರಬಾರದು.

ಉಪ್ಪಿನಕಾಯಿ, ತುಪ್ಪ ಕೈಚೀಲದಲ್ಲಿ ಇಡದಿರುವುದೇ ಲೇಸು. ಚಪಾತಿ, ಚಟ್ನಿಪುಡಿ, ಕೋಡುಬಳೆ, ಮೈಸೂರು ಪಾಕು ದಾರಿಗೆ ಇರಲಿ. ವಿದೇಶಕ್ಕೆ ಹೋಗುವವರಿಗೆ ಲೆಕ್ಕವೇ ಬೇರೆ: ದ್ರವವೇನಿದ್ದರೂ 100 ಮಿಲಿಲೀಟರಿಗೆ ಮೀರದ ಸೀಸೆಗಳಲ್ಲಿ, ಅವೆಲ್ಲ ಸೇರಿ ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿ. 2006ರ ಆಗಸ್ಟಿನಲ್ಲಿ ಲಂಡನ್ನಿನಿಂದ ಹೊರಡುವ ವಿಮಾನಗಳನ್ನು ದ್ರವ ಸ್ಫೋಟಕದಿಂದ ಉರುಳಿಸುವ ಸಂಚು ಬಯಲಾದ ಮೇಲೆ ಬಂದ ನಿಯಮ ಅದು. ಅಮೆರಿಕದ ವಿಮಾನ ಹತ್ತುವವರ ಕೈಚೀಲದಲ್ಲಿ 350 ಮಿಲಿಲೀಟರ್ ಪ್ರಮಾಣಕ್ಕಿಂತ ಹೆಚ್ಚು ಪುಡಿ ಇದ್ದರೆ 2018ರ ಜೂನ್ ಕೊನೆಯಿಂದ ಹೆಚ್ಚಿನ ತಪಾಸಣೆ. ನಮ್ಮ ಹುಳಿಪುಡಿ, ಸಾರಿನಪುಡಿ ಇದಕ್ಕೆ ಸೇರುತ್ತವೆ. ಮಗಳ ಬಾಣಂತನಕ್ಕೆಂದು ಆರು ತಿಂಗಳು ಹೊರಟ ತಾಯಿಗೆ ಕೈಚೀಲದಲ್ಲೇ ಹೋಗಿ ಎಂದು ಹೇಳುವುದು ಸಲ್ಲ. ಬಾಣಂತಿಯ ಲೇಹ್ಯ, ಹಳೆ ಸೀರೆಯ ದುಪಟಿ, ಪುಡಿಗಳ ಪೊಟ್ಟಣ, ಎಲ್ಲಕ್ಕೂ ಆಕೆಗೆ ದೊಡ್ಡ ಪೆಟ್ಟಿಗೆ ಬೇಕು.

ಔಷಧಿಯ ವಿಚಾರದಲ್ಲಿ ಮಾತ್ರ ಎಷ್ಟು ಎಚ್ಚರವಿದ್ದರೂ ಸಾಲದು. ಅಜ್ಜಿಯ ಬಿಪಿ ಮಾತ್ರೆ, ಇನ್ಸುಲಿನ್ನು, ವೈದ್ಯರ ಚೀಟಿ ಇವು ದೊಡ್ಡ ಚೀಲದಲ್ಲಿ ಬೇಡ, ಮುಂದಿನ ಸೀಟಿನ ಕೆಳಗೆ ಇಡುವ ಸಣ್ಣ ಚೀಲದಲ್ಲಿರಲಿ. ಗೂಡು ಭರ್ತಿಯಾಗಿ ನಿಮ್ಮ ಬೆನ್ನುಚೀಲವನ್ನು ಬಾಗಿಲಲ್ಲಿ ತೆಗೆದುಕೊಂಡರೂ ಮದ್ದು ಜೊತೆಯಲ್ಲೇ ಇರುತ್ತದೆ. ಪವರ್ ಬ್ಯಾಂಕೂ ಅದೇ ಸಣ್ಣ ಚೀಲದಲ್ಲಿ. ಅದನ್ನು ಕೆಳಗಿನ ಲಗೇಜಿಗೆ ಹಾಕುವುದು ನಿಷಿದ್ಧ, ಏಕೆಂದರೆ ಲಿಥಿಯಂ ಬ್ಯಾಟರಿ ಹೊತ್ತಿಕೊಂಡರೆ ಅಲ್ಲಿ ಆರಿಸಲು ಯಾರೂ ಇರುವುದಿಲ್ಲ. 2025ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಬುಸಾನಿನಲ್ಲಿ, ಇನ್ನೂ ನೆಲದ ಮೇಲಿದ್ದ ವಿಮಾನವೊಂದು ತಲೆಮೇಲಿನ ಗೂಡಿನಲ್ಲಿ ಹುಟ್ಟಿದ ಬೆಂಕಿಯಿಂದ ಉರಿದುಹೋಯಿತು. ಪವರ್ ಬ್ಯಾಂಕಿನ ಮೇಲೆಯೇ ತನಿಖೆಯವರ ಅನುಮಾನ. ಕಣ್ಣಿಗೆ ಕಾಣುವಲ್ಲಿ ಇಟ್ಟುಕೊಳ್ಳಿ.

ಮಕ್ಕಳಿಗೆ ಮನೆಯಲ್ಲೇ ಹೇಳಿಕೊಡಬೇಕಾದ ಪಾಠ ಒಂದಿದೆ. ವಿಮಾನದಿಂದ ತುರ್ತಾಗಿ ಇಳಿಯಿರಿ ಎಂದರೆ ಚೀಲ ಮುಟ್ಟಬಾರದು. 2024ರ ಜನವರಿ 2ರಂದು ಟೋಕಿಯೋದ ಹನೇಡಾ ನಿಲ್ದಾಣದಲ್ಲಿ ಜಪಾನ್ ಏರ್‌ಲೈನ್ಸ್ ವಿಮಾನ ಇನ್ನೊಂದು ವಿಮಾನಕ್ಕೆ ಬಡಿದು ಹೊತ್ತಿ ಉರಿಯಿತು. ಜಪಾನ್ ಏರ್‌ಲೈನ್ಸಿನಲ್ಲಿದ್ದ 379 ಜನರೂ ಬದುಕಿ ಹೊರಬಂದರು. ಸಾಮಾನು ಬಿಟ್ಟು ಬಂದದ್ದು ಅದಕ್ಕೆ ದೊಡ್ಡ ಕಾರಣ. ನಮ್ಮದೆಲ್ಲವೂ ತಲೆಯ ಮೇಲೆಯೇ ಇರುವಾಗ ಕೈ ತಾನಾಗಿ ಮೇಲಕ್ಕೆ ಹೋಗುತ್ತದೆ. ಹಾಗಾಗಿ ಇದನ್ನು ಮೊದಲೇ ಹೇಳಿಟ್ಟಿರಬೇಕು.

ಇನ್ನು ಬರುವ ದಾರಿ. ಕಾಶಿಗೆ ಹೋದವರು ಗಂಗೆಯನ್ನು ತರದೆ ಬರುವುದಿಲ್ಲ. ಮನೆಯಲ್ಲಿ ಸಮಾರಾಧನೆ ಮಾಡಿ, ಬೆಸುಗೆ ಹಾಕಿದ ತಾಮ್ರದ ಗಿಂಡಿಗಳನ್ನು ನೆಂಟರಿಷ್ಟರಿಗೆ ಹಂಚಬೇಕು, ಕಾಶಿದಾರ ಕೊಡಬೇಕು. ದಾರ ಹಗುರ. ಗಿಂಡಿಗಳು ಹಾಗಲ್ಲ: ಒಳಗೆ ನೀರು, ಹೊರಗೆ ಎಕ್ಸ್‌ರೇ ಸುಲಭವಾಗಿ ದಾಟದ ಲೋಹ. ತಪಾಸಣೆಯಲ್ಲಿ ಪ್ರಶ್ನೆ ಬರುವುದು ಸಹಜ. ಆದ್ದರಿಂದ ಬರುವಾಗ ಒಂದು ಚೀಲವನ್ನು ಕೆಳಗೆ ಹಾಕುವುದೆಂದು ಮೊದಲೇ ನಿರ್ಧರಿಸಿ. ದೊಡ್ಡ ಲಗೇಜಿಲ್ಲದ ಪ್ರಯಾಣಿಕರಿಗೆ ಕಡಿಮೆ ದರದ ಟಿಕೆಟ್ ಕೊಡಲು 2021ರಿಂದ ಅನುಮತಿ ಇದೆ, ಕೆಲವು ಕಂಪನಿಗಳು ಕೊಡುತ್ತಲೂ ಇವೆ. ಹೋಗುವಾಗ ಅಂಥ ಟಿಕೆಟ್ಟು, ಬರುವಾಗ ಒಬ್ಬರ ಹೆಸರಿಗಾದರೂ 15 ಕಿಲೋ ಇರುವ ಟಿಕೆಟ್ಟು. ಕೌಂಟರಿನಲ್ಲಿ ನಿಂತು ಕೊಳ್ಳುವುದಕ್ಕಿಂತ ಟಿಕೆಟ್ ತೆಗೆಸುವಾಗಲೇ ಸೇರಿಸಿಕೊಂಡರೆ ಅಗ್ಗ. ಮಡಚಿದರೆ ಅಂಗೈಯಲ್ಲಿ ಹಿಡಿಯುವಂಥ ಗಟ್ಟಿ ಬಟ್ಟೆಯ ಜಿಪ್ ಚೀಲವೊಂದನ್ನು ಹೋಗುವಾಗಲೇ ಇಟ್ಟುಕೊಂಡಿರಿ. ಗಿಂಡಿಗಳನ್ನು ಒಂದೊಂದಾಗಿ ಪಂಚೆ ಟವಲ್ಲಿನಲ್ಲಿ ಸುತ್ತಿ ಅದರಲ್ಲಿ ತುಂಬಿ. ಕೊಂಡ ಬನಾರಸಿ ಸೀರೆಯನ್ನು ಮಾತ್ರ ಅದರಲ್ಲಿ ಹಾಕಬೇಡಿ. ಬೆಸುಗೆ ಬಿಟ್ಟು ನೀರು ಸೋರುವುದುಂಟು. ಸೀರೆ ಕೈಚೀಲದಲ್ಲೇ ಬರಲಿ.