ಹೂವನ್ನು ನೋಡುವುದು

(ಸೀಗೆ ಹುಣ್ಣಿಮೆಯಂದು ಶಿವಮೊಗ್ಗದಲ್ಲಿ ದಯಪಾಲಿಸಿದ ಆಶೀರ್ವಚನ)



ಇಂದು ಆಶ್ವಯುಜ ಶುದ್ಧ ಪೂರ್ಣಿಮೆ. ನಮ್ಮ ಮಲೆನಾಡಿನ ಒಕ್ಕಲುಮಕ್ಕಳು ಇದನ್ನು ಭೂಮಿ ಹುಣ್ಣಿಮೆಯೆನ್ನುತ್ತಾರೆ. ಭತ್ತದ ಪೈರು ಹೊಡೆ ತುಂಬಿ ನಿಂತಿದೆ. ಭೂತಾಯಿ ಬಸುರಿ. ಬಸುರಿಗೆ ಬಯಕೆಯ ಊಟ ಬಡಿಸಬೇಕೆಂದು ಹೆಣ್ಣುಮಕ್ಕಳು ರಾತ್ರಿಯೆಲ್ಲ ಎಚ್ಚರವಿದ್ದು ಅಡುಗೆ ಮಾಡುತ್ತಾರೆ. ಹಿತ್ತಿಲು, ಬೇಲಿ, ಕಾಡಂಚುಗಳಲ್ಲಿ ಆರಿಸಿ ತಂದ ಬಗೆಬಗೆಯ ಸೊಪ್ಪುಕುಡಿಗಳನ್ನು ಅದಕ್ಕೆ ಬೆರೆಸುತ್ತಾರೆ. ನಸುಕಿನಲ್ಲಿ ಗಂಡಸರು ಅದನ್ನು ಗದ್ದೆಗೆ ಬೀರಿ ಬರುತ್ತಾರೆ. ಆ ಸೊಪ್ಪನ್ನು ಆರಿಸುವ ತಾಯಿಗೆ ಯಾವ ಗಿಡ ಎಲ್ಲಿದೆ, ಯಾವುದು ಎಳೆಯದು, ಯಾವುದು ವಿಷ ಎಂಬುದೆಲ್ಲ ಗೊತ್ತು. ಅವಳು ಅಮರಕೋಶ ಓದಿದವಳಲ್ಲ. ನಾವು ಓದಿದವರು. ಇಂದಿನ ಮಾತನ್ನು ಅಲ್ಲಿಂದಲೇ ತೆಗೆಯೋಣ.

ಬಾಲ್ಯದಲ್ಲಿ ಗುರುಗಳು ಅಮರಕೋಶದ ಎರಡನೆಯ ಕಾಂಡದ ವನೌಷಧಿವರ್ಗವನ್ನು ನಮ್ಮಿಂದ ಕಂಠಪಾಠ ಮಾಡಿಸಿದರು. ಮುಂದೆ ಋತುಸಂಹಾರದ ಪಾಠವಾಯಿತು. ಅದರ ಮೂರನೆಯ ಸರ್ಗದಲ್ಲಿ ಕಾಳಿದಾಸ ಶರದೃತುವನ್ನು ನವವಧುವಿಗೆ ಹೋಲಿಸಿ, ಕಾಶಪುಷ್ಪವನ್ನು ಅವಳ ಉಡುಗೆಯಾಗಿಸಿದ್ದಾನೆ. ನಾವು ಅದನ್ನು ಹತ್ತಾರು ವಟುಗಳಿಗೆ ಹೇಳಿಕೊಟ್ಟೆವು. ಸಮಾಸ ಬಿಡಿಸಿದೆವು, ಅಲಂಕಾರ ತೋರಿಸಿದೆವು. ಒಂದು ದಿನ ತುಂಗೆಯ ದಡದಲ್ಲಿ ನಡೆದು ಹೋಗುವಾಗ ಒಬ್ಬ ಹುಡುಗ, ಆಳೆತ್ತರ ಬೆಳೆದು ಬಿಳಿಯ ತೆನೆ ಬಿಟ್ಟಿದ್ದ ಹುಲ್ಲನ್ನು ತೋರಿಸಿ, "ಬುದ್ಧಿ, ಇದು ಯಾವ ಹುಲ್ಲು?" ಎಂದು ಕೇಳಿದ. "ಯಾವುದೋ ಹುಲ್ಲಪ್ಪ" ಎಂದುಬಿಟ್ಟೆವು. ಮಠಕ್ಕೆ ಬಂದ ಮೇಲೆ ಮತ್ತೊಬ್ಬರಿಂದ ತಿಳಿಯಿತು, ಅದೇ ಕಾಶ. ಇಪ್ಪತ್ತು ವರ್ಷ ಬಾಯಲ್ಲಿದ್ದ ಹೂವು ಕಣ್ಣೆದುರು ನಿಂತಾಗ ನಮಗೆ ಗುರುತು ಸಿಗಲಿಲ್ಲ. ಆ ರಾತ್ರಿ ನಮಗೆ ನಿದ್ರೆ ಸರಿಯಾಗಿ ಬರಲಿಲ್ಲವೆಂಬುದನ್ನು ನಿಮ್ಮ ಮುಂದೆ ಮುಚ್ಚಿಡುವುದಿಲ್ಲ.

ಭದ್ರಾವತಿಯಿಂದ ಒಬ್ಬ ಹಿರಿಯ ಭಕ್ತರು ಶ್ರಾವಣ ಸೋಮವಾರಗಳಂದು ತಪ್ಪದೆ ಬರುತ್ತಿದ್ದರು. ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಆ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿದಾಗ ಅದರ ಕುಲುಮೆಗೆ ಹಾಕುತ್ತಿದ್ದುದು ಗಣಿಯ ಕಲ್ಲಿದ್ದಲಲ್ಲ, ನಮ್ಮ ಕಾಡುಗಳ ಸೌದೆಯಿಂದ ಮಾಡಿದ ಇದ್ದಲು. ಇವರ ತಂದೆ ಆ ಸೌದೆ ಸಾಗಿಸುವ ಕೆಲಸದಲ್ಲಿದ್ದವರು. ಹಾಗೆಂದು ಕಾರ್ಖಾನೆಯನ್ನು ನಾವು ಹಳಿಯುತ್ತಿಲ್ಲ. ಎಷ್ಟು ಮನೆಗಳ ಒಲೆ ಅದರಿಂದ ಉರಿಯಿತೆಂಬುದು ನಿಮಗೇ ಗೊತ್ತು. ಒಮ್ಮೆ ಅವರು ಪಾದಪೂಜೆ ಮುಗಿಸಿ, "ಬುದ್ಧೀ, ದಾರೀಲಿ ತೇಗ ಹೂ ಬಿಟ್ಟಿದೆ, ನೋಡಿದ್ರಾ?" ಎಂದರು. ಆ ದಾರಿಯಲ್ಲಿ ನಾವು ಎಷ್ಟು ಸಲ ಓಡಾಡಿದ್ದೇವೋ ಲೆಕ್ಕವಿಲ್ಲ. ತೇಗವೆಂದರೆ ಬಾಗಿಲು, ತೊಲೆ, ಮಂಟಪ ಎಂದು ತಿಳಿದವರು ನಾವು. ಅದು ಹೂ ಬಿಡುತ್ತದೆಂಬುದೇ ಮನಸ್ಸಿಗೆ ಬಂದಿರಲಿಲ್ಲ. ಮರುದಿನ ಕಾರು ನಿಲ್ಲಿಸಿ ಇಳಿದು ನೋಡಿದೆವು. ಜಿಟಿಜಿಟಿ ಮಳೆಯಲ್ಲಿ, ಆ ದೊಡ್ಡ ಎಲೆಗಳ ಮೇಲೆ, ತುದಿಯಲ್ಲೆಲ್ಲ ಕೆನೆಬಣ್ಣದ ಸಣ್ಣ ಸಣ್ಣ ಹೂವಿನ ಗೊಂಚಲು. ಬೆಲೆ ಬಾಳುವ ಮರದ ಹೂವಿಗೆ ಪೇಟೆಯಲ್ಲಿ ಬೆಲೆಯಿಲ್ಲ. ಅದಕ್ಕೇ ಯಾರೂ ತಲೆ ಎತ್ತುವುದಿಲ್ಲ. ಈಗ ಹೋದರೆ ಕಾಯಿ ಕಾಣುತ್ತದೆ, ತೆಳ್ಳನೆಯ ಕಾಗದದ ಚೀಲದಂತೆ ಉಬ್ಬಿದ ಹೊದಿಕೆಯೊಳಗೆ.

ಅಮೆರಿಕದಲ್ಲಿರುವ ಭಕ್ತರೊಬ್ಬರು ಇದೇ ದಿನಗಳಲ್ಲಿ ಅಲ್ಲಿಯ ಕಾಡಿನ ಚಿತ್ರ ಕಳುಹಿಸಿದ್ದರು. ಬೆಟ್ಟಕ್ಕೆ ಬೆಟ್ಟವೇ ಕೆಂಪು, ಹಳದಿ. ಎಲೆಯ ಹಸಿರು ಅಳಿದಾಗ ಒಳಗೆ ಅಡಗಿದ್ದ ಹಳದಿ ಹೊರಗೆ ಕಾಣುತ್ತದಂತೆ. ಅಂಥದ್ದು ನಮ್ಮಲ್ಲಿಲ್ಲವಲ್ಲ ಎಂದು ಅವರು ಬರೆದಿದ್ದರು. ನಮ್ಮಲ್ಲಿ ಎಲೆಯುದುರುವುದು ಶಿಶಿರದಲ್ಲಿ. ಶರತ್ತಿನಲ್ಲಿ ಇಲ್ಲಿ ಬದಲಾಗುವುದು ಬೆಳಕು ಮತ್ತು ನೀರು. ಆಷಾಢದಲ್ಲಿ ಕೆಂಪಾಗಿ ಹರಿದ ತುಂಗೆ ಈಗ ತಿಳಿಯಾಗಿದ್ದಾಳೆ. ಅಗಸ್ತ್ಯ ನಕ್ಷತ್ರದ ಉದಯಕ್ಕೆ ನೀರು ತಿಳಿಯಾಗುತ್ತದೆಂದು ಪೂರ್ವಿಕರು ಹೇಳಿದರು. ಕೂಡಲಿಗೆ ಹೋಗಿ ಸಂಗಮದ ಮೆಟ್ಟಿಲ ಮೇಲೆ ಅರ್ಧ ಗಳಿಗೆ ಸುಮ್ಮನೆ ಕುಳಿತರೆ ಆ ಮಾತಿನ ಹಿಂದೆ ಎಂಥ ಕಣ್ಣಿತ್ತೆಂದು ತಿಳಿಯುತ್ತದೆ. ಬೇಲಿಯ ಮೇಲೆ ಗೌರಿ ಹೂವು ಬೆಂಕಿಯ ನಾಲಗೆಯಂತೆ ಹೊತ್ತಿ ಈಗ ಆರುತ್ತಿದೆ. ಬೆಳಗಿನ ಜಾವ ಪಾರಿಜಾತ ನೆಲ ತುಂಬುತ್ತಿದೆ.

ಇದೆಲ್ಲ ಕವಿಗಳ ಕೆಲಸ, ಮಠದಲ್ಲೇಕೆ ಎಂದು ಕೇಳುವವರುಂಟು. ಇಷ್ಟಲಿಂಗವನ್ನು ವಾಮಕರದಲ್ಲಿ ಹಿಡಿದು ದೃಷ್ಟಿ ಅಲುಗಿಸದೆ ನೋಡಿರೆಂದು ದೀಕ್ಷೆಯಲ್ಲಿ ಗುರು ಹೇಳಿಕೊಡುವುದೇನು? ಕಣ್ಣಿನ ವಿದ್ಯೆಯನ್ನೇ ಅಲ್ಲವೇ? ಶೂನ್ಯಸಂಪಾದನೆಯ ಕಥೆ ನೆನಪಿಸಿಕೊಳ್ಳಿ. ಗೊಗ್ಗಯ್ಯ ತೋಟ ಅಗೆಯುತ್ತಿದ್ದಾನೆ. ಅಲ್ಲಮಪ್ರಭುದೇವರಿಗೆ ಆ ನೆಲದಲ್ಲಿ ಗುಡಿಯ ಕಳಸ ಕಾಣುತ್ತದೆ. ಒಳಗೆ ಅನಿಮಿಷಯ್ಯ, ಅಂಗೈಯಲ್ಲಿ ಲಿಂಗ, ಎವೆಯಿಕ್ಕದ ದೃಷ್ಟಿ. ಪ್ರಭುವಿಗೆ ಗುರು ಸಿಕ್ಕಿದ್ದು ತೋಟದಲ್ಲಿ. ಬಳ್ಳಿಗಾವಿ, ಉಡುತಡಿ ಎರಡೂ ನಮ್ಮ ಶಿಕಾರಿಪುರ ಸೀಮೆಯವೇ. ಅಲ್ಲಿಂದ ಹೊರಟ ಅಕ್ಕ ಕಾಡಿನ ಗಿಳಿಯನ್ನೂ ಕೋಗಿಲೆಯನ್ನೂ ನಿಲ್ಲಿಸಿ ಮಾತನಾಡಿಸಿದಳು. ನಿಲ್ಲಿಸಬೇಕಾದರೆ ಮೊದಲು ನೋಡಿರಬೇಕು.

ಈಗ ಮಠದ ಒಂದು ತಪ್ಪನ್ನೂ ಹೇಳಬೇಕು. ಕೆಲವು ವರ್ಷಗಳ ಹಿಂದೆ ಪಕ್ಕದ ಬೀದಿಯ ತಾಯಿಯೊಬ್ಬರು ಬಂದು, ಬಹಳ ಹಿಂಜರಿದು, "ತಪ್ಪು ತಿಳೀಬಾರದು ಬುದ್ಧಿ, ನಮ್ಮನೆ ದಾಸವಾಳ ಅರಳಿದ್ದನ್ನ ನಾನು ನೋಡಿ ಎರಡು ವರ್ಷ ಆಯ್ತು" ಎಂದರು. ನಮ್ಮ ಹುಡುಗರು ಕತ್ತಲೆಯಲ್ಲೇ ಹೋಗಿ ಮೊಗ್ಗಿರುವಾಗಲೇ ಬಿಡಿಸಿಕೊಂಡು ಬರುತ್ತಿದ್ದರು. ಬುಟ್ಟಿ ಎಲ್ಲಿಂದ ತುಂಬಿತೆಂದು ನಾವೂ ಕೇಳಿರಲಿಲ್ಲ. ತುಂಬಿದ ಬುಟ್ಟಿ ನೋಡಿ ಸಂತೋಷಪಟ್ಟಿದ್ದೆವು. ಕದ್ದ ಹೂವಿನಲ್ಲಿ ಆ ಎರಡು ವರ್ಷದ ಪೂಜೆಯೆಲ್ಲ ನಡೆಯಿತು. ಅಂದು ಆ ತಾಯಿಯ ಮುಂದೆ ಪೀಠದ ಮೇಲೆ ಕುಳಿತಿರುವುದೇ ನಮಗೆ ಕಷ್ಟವಾಯಿತು.

ಅಂದಿನಿಂದ ಮಠದಲ್ಲಿ ಒಂದು ಕಟ್ಟಳೆ. ನಮ್ಮ ಹಿತ್ತಿಲಿನ ಹೂವು ಮಾತ್ರ, ಅದೂ ಬೆಳಕು ಹರಿದು ಅರಳಿದ ಮೇಲೆ, ಕೊಯ್ಯುವವನು ಗಿಡವನ್ನು ಒಮ್ಮೆ ನಿಂತು ನೋಡಿ ಕೊಯ್ಯಬೇಕು. ಹೂವಿಲ್ಲದ ದಿನ ಒಂದೆಸಳು ಬಿಲ್ವ. ಬಿದ್ದ ಹೂವು ಪೂಜೆಗೆ ಸಲ್ಲದೆಂಬ ಸಂಪ್ರದಾಯವಿದೆ, ಆದರೆ ಪಾರಿಜಾತಕ್ಕೆ ವಿನಾಯಿತಿ. ತಾನಾಗಿ ಕೊಟ್ಟದ್ದನ್ನು ಬೇಡವೆನ್ನಲು ಹಿರಿಯರಿಗೂ ಮನಸ್ಸು ಬಂದಿರಲಿಕ್ಕಿಲ್ಲ. ಆ ತಾಯಿ ಈಗ ಸೋಮವಾರ ತಾವೇ ಎರಡು ದಾಸವಾಳ ತರುತ್ತಾರೆ. ಉಳಿದವು ಗಿಡದಲ್ಲಿರುತ್ತವೆ. ಭದ್ರಾವತಿಯ ಆ ಹಿರಿಯರು ಈಗಿಲ್ಲ. ಈ ಶ್ರಾವಣದಲ್ಲಿ ತೇಗದ ಹೂವನ್ನು ನಮಗೆ ಯಾರೂ ಹೇಳಲಿಲ್ಲ, ನಾವೇ ಕಂಡೆವು.

ದಾಸೋಹದ ಹೊತ್ತಾಯಿತು. ಹಿತ್ತಿಲ ಬಾಗಿಲಿನಿಂದ ಹೋಗುವವರು ಸ್ವಲ್ಪ ನೋಡಿ ಕಾಲಿಡಿ. ಬೆಳಿಗ್ಗೆ ಆರಿಸಿ ಉಳಿದ ಪಾರಿಜಾತ ಅಲ್ಲಿಯೇ ಬಿದ್ದಿದೆ.